ಹಿತ್ತಲ ಬಾಗಿಲು

ಕೆರೆ ದಂಡೆಯ ಹೊಸ ಮನೆಯಲ್ಲಿ ಅದು ಮೊದಲ ಸಂಜೆ. ಪೂಜೆಗೆ ಕೂರುವ ಮುನ್ನ ಅತ್ತೆ ಹಿತ್ತಲ ಬಾಗಿಲಿಗೆ ಚಿಲಕ ಹಾಕಿ ಬಂದರು.

“ದೀಪ ಹಚ್ಚೋ ಹೊತ್ತಲ್ಲಿ ಇದನ್ನ ತೆಗೆದಿಟ್ರೆ, ಮುಂದಿಂದ ಬಂದ ಲಕ್ಷ್ಮಿ ಹಿಂದಿಂದ ಹೋಗ್ತಾಳೆ. ನಿಮ್ಮಮ್ಮ ಇಷ್ಟೂ ಹೇಳಿಕೊಟ್ಟಿಲ್ವಾ, ಸುಕನ್ಯಾ?”

ಈ ಮನೆಯಲ್ಲಾದರೂ ಜಗಳ ಬೇಡವೆಂದು ಸುಕನ್ಯಾ ಪೂಜೆಗೆ ಕೂತಳು. ಅಷ್ಟರಲ್ಲಿ ಆ ಬಾಗಿಲನ್ನು ಮಗಳ ಪುಟ್ಟ ಕೈಗಳು ಬಡಿದವು.

“ಪುಟ್ಟಿ ಹೊರಗೇ ಇದಾಳೆ ಅತ್ತೆ, ತೆಗೀತೀನಿ.”

“ಕೂತ್ಕೋ. ಪೂಜೆ ಮುಗಿಯೋವರೆಗೂ ತೆಗೆಯೋ ಹಾಗಿಲ್ಲ. ಕೆರೆ ಕಡೆಯಿಂದ ಸುತ್ತಿ ಮುಂದೆ ಬರ್ತಾಳೆ ಬಿಡು.”

ಬಡಿತ ನಿಂತಿತು. ಸುಕನ್ಯಾ ಕೂತೇ ಇದ್ದಳು.

ಮಂಗಳಾರತಿಯ ಹೊತ್ತಿಗೆ ಮುಂಬಾಗಿಲಲ್ಲಿ ಹೆಜ್ಜೆ ಸಪ್ಪಳವಾಯಿತು.

“ನೋಡು, ಬಂದೇ ಬಿಟ್ಲು ನಮ್ಮನೆ ಲಕ್ಷ್ಮಿ,” ಎಂದು ಅತ್ತೆ ನಕ್ಕರು.

ಹೊಸಿಲಾಚೆ ಮೀನು ಹಿಡಿಯುವವನೊಬ್ಬ ನಿಂತಿದ್ದ. ಅವನ ತೋಳಲ್ಲಿದ್ದ ಮಗುವಿನ ಜಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು.