ರಿಂತಾಲಾ ಕೇಳುವ ಪ್ರಶ್ನೆ

"ಈ ಸಲ ಮೈಕು ಆ ರಿಂತಾಲಾ ಕೈಗೆ ಹೋಗಕೂಡದು, ಅಷ್ಟೇ." ಗ್ರಂಥಾಲಯದ ಮುಖ್ಯಸ್ಥ ಪೆಂತ್ತಿ ಕೊನೆಯ ಕುರ್ಚಿಯನ್ನು ಸಾಲಿಗೆ ತಳ್ಳಿದ. "ಯಾವ ಲೇಖಕರು ಬಂದ್ರೂ ಮುದುಕಂದು ಅದೇ ಪ್ರಶ್ನೆ. ಜನ ಎದ್ದು ಕಾಫಿಗೆ ಹೋಗ್ತಾರೆ."

"ವಯಸ್ಸಾದವರು, ಪಾಪ," ಎಂದಳು ಸಭೆ ನಡೆಸಿಕೊಡುವ ಇರ್ಮೆಲಿ. ಬೆಳಗಿನಿಂದ ನಿಂತೂ ನಿಂತೂ ಅವಳ ಕಾಲುಗಳು ಸೋತಿದ್ದವು.

"ಪಾಪವಂತೆ! ಮಕ್ಕಳ ಆಟದ ಮೈದಾನಕ್ಕೆ ಕೆರೆ ಪಕ್ಕದಲ್ಲಿ ಅವರಪ್ಪ ಬಿಟ್ಟುಹೋದ ತುಂಡು ಹುಲ್ಲುಗಾವಲು ಕೇಳಿದ್ರೆ, ಎಷ್ಟು ದುಡ್ಡು ಹೇಳಿದ್ರೂ ಕೊಡ್ಲಿಲ್ಲ. ಅಂಥ ಜಿಪುಣನ ಮೇಲೆ ನಿನಗೇನು ಕನಿಕರ?"

ಇರ್ಮೆಲಿ ಕಾಫಿ ಲೋಟಗಳನ್ನು ಜೋಡಿಸತೊಡಗಿದಳು. ಊರಿನ, ದೇಶದ ಚರಿತ್ರೆಯ ಬಗ್ಗೆ ಲೇಖಕರನ್ನು ಕರೆಸಿ ಮಾತಾಡಿಸುವ ಈ ಸಂಜೆಗಳು ಅವಳದೇ ಹಂಬಲದಿಂದ ಶುರುವಾದವು. ಮೊದಮೊದಲು ಕೂರಲು ಜಾಗವಿರುತ್ತಿರಲಿಲ್ಲ. ಈಗ ಅರ್ಧ ಕುರ್ಚಿ ಖಾಲಿ. ಲೇಖಕರು ಬರುತ್ತಿದ್ದರು, 1918ರ ಬಗ್ಗೆ ಮಾತಾಡುತ್ತಿದ್ದರು, ಪುಸ್ತಕಕ್ಕೆ ಸಹಿ ಹಾಕಿ ರೈಲು ಹತ್ತುತ್ತಿದ್ದರು.

ಫಿನ್ಲೆಂಡಿನವರು ಕೂಲಿಗಳ ಕೆಂಪು ಪಕ್ಷ, ಉಳ್ಳವರ ಬಿಳಿ ಪಕ್ಷ ಎಂದು ಎರಡಾಗಿ ಒಬ್ಬರನ್ನೊಬ್ಬರು ಕೊಂದ ವರ್ಷ ಅದು. ಗೆದ್ದ ಬಿಳಿ ಪಕ್ಷದವರು ಈ ಊರಿನ ಮರ ಕೊಯ್ಯುವ ಮಿಲ್ಲಿನ ಒಂಬತ್ತು ಕೂಲಿಗಳನ್ನು ಒಂದು ಬೆಳಿಗ್ಗೆ ಎಳೆದೊಯ್ದು ಗುಂಡಿಕ್ಕಿದರು. ಹೆಣಗಳು ಮನೆಯವರಿಗೆ ಸಿಗಲೇ ಇಲ್ಲ. ಅರವತ್ತು ವರ್ಷ ದಾಟಿದರೂ ಸಭೆಯಲ್ಲಿ ಮಿಲ್ಲಿನವರ ಮೊಮ್ಮಕ್ಕಳು ಎಡಕ್ಕೆ ಕೂರುತ್ತಿದ್ದರು, ಬಿಳಿ ಪಕ್ಷದಲ್ಲಿದ್ದ ರೈತರ ಮನೆಯವರು ಬಲಕ್ಕೆ. ಹಾಗೆ ಕೂರಿ ಎಂದು ಯಾರೂ ಹೇಳಿದ್ದಲ್ಲ.

ಓಯ್ವಾ ರಿಂತಾಲಾ ಎರಡೂ ಕಡೆ ಸೇರದೆ ಹಿಂದೆ, ಬಾಗಿಲ ಬಳಿ ಒಬ್ಬನೇ ಕೂರುತ್ತಿದ್ದ. ಕೊನೆಗೆ ಕೈ ಎತ್ತುತ್ತಿದ್ದ. "ಮಿಲ್ಲಿನ ಆ ಒಂಬತ್ತು ಜನ ಎಲ್ಲಿದ್ದಾರೆ ಅಂತ ಯಾರಿಗಾದ್ರೂ ಗೊತ್ತಾಯ್ತಾ?" ಲೇಖಕರು ಇಲ್ಲವೆಂದು ತಲೆಯಾಡಿಸುತ್ತಿದ್ದರು. ಅವನು ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರು ಬಿಟ್ಟು ಕೂತುಬಿಡುತ್ತಿದ್ದ. ಆಮೇಲೆ ಕಾಫಿಯ ಜೊತೆ ಎರಡೆರಡು ಬನ್ನು ತಿಂದು ಮನೆಗೆ ಹೋಗುತ್ತಿದ್ದ. ದುಃಖಕ್ಕೂ ಹಸಿವಾಗುತ್ತದೆ ಎಂದುಕೊಂಡು ಇರ್ಮೆಲಿ ಅವನ ತಟ್ಟೆಗೆ ಮೂರನೆಯದನ್ನೂ ಇಡುತ್ತಿದ್ದಳು. ಕಳೆದುಕೊಂಡದ್ದು ಯಾರನ್ನು ಎಂದು ಮಾತ್ರ ಕೇಳಿರಲಿಲ್ಲ. ಈ ಊರಿನಲ್ಲಿ ಅದನ್ನು ಯಾರೂ ಕೇಳುವುದಿಲ್ಲ.

ಅಂದು ಅವನು ಎಲ್ಲರಿಗಿಂತ ಮೊದಲೇ ಬಂದ.

"ಈ ಚಳೀಲಿ ಬಂದ್ರಾ, ರಿಂತಾಲಾ ಅವರೇ?"

"ಬರದೇ ಇದ್ರೆ ರಾತ್ರಿ ನಿದ್ದೆ ಬರಲ್ಲಮ್ಮ. ಪ್ರತಿ ಸಲ ಇದೇ ಕೊನೆ ಅಂದ್ಕೊಳ್ತೀನಿ." ಟೊಪ್ಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. "ಸಾಯೋವಾಗ ಅಪ್ಪ ಒಂದು ಮಾತು ಹೇಳಿ ಹೋದ. ಅದನ್ನ ಹೊತ್ತು ಹೊತ್ತು ಸಾಕಾಗಿದೆ. ನನಗೆ ಮಕ್ಕಳಿಲ್ಲ, ಅದೊಂದು ಪುಣ್ಯ."

ಹಾಗಾದರೆ ಗುಂಡಿಗೆ ಬಲಿಯಾದದ್ದು ಅಪ್ಪನಲ್ಲ, ಚಿಕ್ಕಪ್ಪನಿರಬೇಕು ಎಂದುಕೊಂಡಳು ಇರ್ಮೆಲಿ. "ಇವತ್ತು ಬರೋರು ತುಂಬಾ ಹುಡುಕಾಡಿ ಬರೆದೋರು," ಎಂದು ಸಮಾಧಾನ ಹೇಳಿದಳು.

"ಹೌದಾ," ಎಂದನಷ್ಟೇ.

ಲೇಖಕಿ ಹೆಲ್ವಿ ವಾರ್ಮಾ ಊರೂರು ಸುತ್ತಿ ಬಸವಳಿದಿದ್ದಳು. ಗಂಟಲು ಕಟ್ಟಿತ್ತು. ಆದರೂ ಇರ್ಮೆಲಿ ಕೇಳಿದ್ದಕ್ಕೆಲ್ಲ ನೇರವಾಗಿ ಉತ್ತರ ಕೊಟ್ಟಳು. "ಚರಿತ್ರೆ ಪುಸ್ತಕದಲ್ಲಿ ದೇಶ ಸಿಗುತ್ತೆ, ಊರು ಸಿಗಲ್ಲ. ಅದಕ್ಕೇ ನಾನು ಮುದುಕಿಯರ ಅಡುಗೆಮನೇಲಿ ಹೋಗಿ ಕೂತೆ. ಗಂಡಸರು ಯುದ್ಧದ ಕಥೆ ಹೇಳಿ ನಿಲ್ಲಿಸ್ತಾರೆ. ಆಮೇಲೆ ಏನಾಯ್ತು ಅಂತ ಹೇಳೋರು ಹೆಂಗಸರು."

"ಆ ಹಳೇ ಹುಣ್ಣನ್ನ ಯಾಕ್ರೀ ಕೆರೀತೀರಿ?" ಬಲಗಡೆಯಿಂದ ಒಬ್ಬ ಕೂಗಿದ.

"ಹುಣ್ಣು ಯಾರ ಮೈಮೇಲಿದೆ ಅಂತ ನೋಡಿ ಮಾತಾಡು!" ಎಡಗಡೆಯಿಂದ ಒಬ್ಬಳು ತಿರುಗೇಟು ಕೊಟ್ಟಳು.

ಪ್ರಶ್ನೆಗಳ ಹೊತ್ತು ಬಂತು. ಬಾಗಿಲ ಬಳಿ ಕೈ ಮೇಲೆದ್ದಿತು. ಪೆಂತ್ತಿ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದ. ಇರ್ಮೆಲಿ ಅವನತ್ತ ನೋಡದೆ ಸಾಲುಗಳ ನಡುವೆ ನಡೆದು ಹೋಗಿ ಮೈಕನ್ನು ಮುದುಕನ ಕೈಗಿಟ್ಟಳು.

"ಮಿಲ್ಲಿನ ಆ ಒಂಬತ್ತು ಜನ ಎಲ್ಲಿದ್ದಾರೆ ಅಂತ ಯಾರಿಗಾದ್ರೂ ಗೊತ್ತಾಯ್ತಾ?"

ಕುರ್ಚಿಗಳು ಕಿರುಗುಟ್ಟಿದವು. ಒಬ್ಬಾತ ಕಾಫಿಗೆಂದು ಎದ್ದ.

"ಗೊತ್ತಾಗಿದೆ," ಎಂದಳು ಹೆಲ್ವಿ.

ಎದ್ದವನು ಕೂತ.

"ತಾಂಪೆರೆ ಪಟ್ಟಣದಲ್ಲಿ ಒಬ್ಬ ಅಜ್ಜಿ ಹೇಳಿದ್ರು. ಆಗ ಅವರು ಇದೇ ಊರಲ್ಲಿ ದನ ಕಾಯೋ ಹುಡುಗಿ. ಗಾಡಿ ಎಲ್ಲಿ ನಿಂತಿತು, ಎಲ್ಲಿ ಅಗೆದರು, ಎಲ್ಲಾ ಕಣ್ಣಾರೆ ನೋಡಿದ್ರಂತೆ. ಅಷ್ಟರಲ್ಲಿ ನನ್ನ ಪುಸ್ತಕ ಅಚ್ಚಾಗಿಹೋಗಿತ್ತು." ನೀರು ಕುಡಿದು ಮುಂದುವರಿಸಿದಳು. "ಜಾಗ ಯಾವುದು ಅಂತ ಇಲ್ಲಿ ಹೇಳಲ್ಲ, ಬೇಜಾರು ಮಾಡ್ಕೋಬೇಡಿ. ಈಗ ಅದು ಯಾರ ಕೈಲಿದೆಯೋ ಗೊತ್ತಿಲ್ಲ. ಮೊದಲು ಆ ಜಮೀನಿನವರನ್ನ ಮಾತಾಡಿಸಬೇಕು. ಅದು ನ್ಯಾಯ."

ಎಡಗಡೆ ಯಾರೋ ಬಿಕ್ಕಿದರು. ಬಲಗಡೆಯವರು ನೆಲ ನೋಡಿದರು. ರಿಂತಾಲಾ ಕೂರಲಿಲ್ಲ. ಮೈಕು ಹಿಡಿದು ನಿಂತೇ ಇದ್ದ. ಇರ್ಮೆಲಿ ಹೋಗಿ ಅವನ ಬೆರಳುಗಳನ್ನು ಬಿಡಿಸಿ ಅದನ್ನು ತೆಗೆದುಕೊಳ್ಳಬೇಕಾಯಿತು.

ಸಭೆ ಮುಗಿಯಿತು. ಅವನು ಬನ್ನು ಮುಟ್ಟಲಿಲ್ಲ. ಕೋಟು ಹಾಕಿಕೊಂಡು ಅದೇ ಕುರ್ಚಿಯಲ್ಲಿ ಕೂತಿದ್ದ. ಇಷ್ಟು ವರ್ಷದ ಈ ಸಂಜೆಗಳಿಂದ ಒಬ್ಬರಿಗಾದರೂ ಉಪಯೋಗವಾಯಿತಲ್ಲ ಎಂದು ಇರ್ಮೆಲಿಯ ಕಣ್ಣು ತುಂಬಿ ಬಂತು. ಸಹಿ ಹಾಕುತ್ತಿದ್ದ ಹೆಲ್ವಿಯನ್ನು ತೋಳು ಹಿಡಿದು ಕರೆತಂದಳು.

"ಬೇರೆ ಯಾರಿಗೂ ಹೇಳ್ಬೇಡಿ, ಇವರೊಬ್ಬರಿಗೆ ಹೇಳಿಬಿಡಿ. ಬಂದ ಲೇಖಕರನ್ನೆಲ್ಲ ಕೇಳಿ ಕೇಳಿ ಸೋತಿದ್ದಾರೆ."

ಹೆಲ್ವಿ ಬಗ್ಗಿ ಮುದುಕನ ಭುಜದ ಮೇಲೆ ಕೈಯಿಟ್ಟಳು. "ಅಲ್ಲಿರೋರು ನಿಮಗೆ ಏನಾಗಬೇಕು? ದೊಡ್ಡಪ್ಪನಾ, ಚಿಕ್ಕಪ್ಪನಾ?"

ರಿಂತಾಲಾ ಒಮ್ಮೆ ಇರ್ಮೆಲಿಯ ಮುಖ ನೋಡಿದ. ಆಮೇಲೆ ಪಕ್ಕದ ಕುರ್ಚಿಯನ್ನು ಹತ್ತಿರಕ್ಕೆ ಎಳೆದ.

"ಜಮೀನಿನವರನ್ನ ಮಾತಾಡಿಸಬೇಕು ಅಂದ್ರಲ್ಲಮ್ಮ," ಎಂದ. "ಕೂತ್ಕೊಳ್ಳಿ, ಮಾತಾಡಿಸಿ."