ಒಗೆದು ತಂದ ಅರಿವೆ

ಪಾರವ್ವ ತನ್ನ ಓಣಿಯ ಹೆಂಗಸರ ಮುಟ್ಟಿನ ಅರಿವೆ ಓದತೊಡಗಿ ಹನ್ನೆರಡು ವರ್ಷವಾಗಿತ್ತು. ಆಗ ಓಣಿಗೊಬ್ಬಳು ಓದುವಾಕೆ ಇರುತ್ತಿದ್ದಳು. ಗರ್ಭಕೋಶದ ಒಳಪದರದ ಜೀವಕಣಗಳು ಹಾರ್ಮೋನಿನ ‘ಬೆಳೆದದ್ದು ಸಾಕು’ ಎಂಬ ಮಾತು ಕೇಳದೆ, ಗರ್ಭಕೋಶದ ಹೊರಗೂ ಬೇರು ಬಿಟ್ಟಿದ್ದರೆ, ಅವಳು ಕೊಟ್ಟ ಅರಿವೆಯನ್ನು ಬಿಸಿಲಿಗೆ ಹಿಡಿದಾಗ ಅದರಲ್ಲಿ ನೀಲಿ ಎಳೆ ಮೂಡುತ್ತಿತ್ತು. ಎಳೆ ಮೂಡಿದವರಿಗೆ ದವಾಖಾನೆಯಲ್ಲಿ ಮದ್ದು ಸಿಗುತ್ತಿತ್ತು.

ಅವತ್ತು ಅದೇ ಓಣಿಯ ಗುರುಬಸವ್ವ ಸೊಸೆ ಸುಮಂಗಲಾಳನ್ನು ಕರೆತಂದಳು. ಮದುವೆಯಾಗಿ ಆರು ವರ್ಷವಾದರೂ ಆಕೆಗೆ ಮಕ್ಕಳಿರಲಿಲ್ಲ. ತಿಂಗಳಿಗೆ ನಾಲ್ಕು ದಿನ ಹೊಟ್ಟೆ ಹಿಡಿದು ಮಲಗುತ್ತಿದ್ದಳು.

ಪಾರವ್ವ ಅವರು ತಂದ ಅರಿವೆಯನ್ನು ಬಿಸಿಲಿಗೆ ಹಿಡಿದಳು. ಮಲ್ಲಿಗೆಯಷ್ಟು ಬೆಳ್ಳಗಿತ್ತು. ಮೂಸಿದರೆ ಸೋಪಿನ ವಾಸನೆ.

“ಒಗದೀಯೇನ?”

“ಮತ್ತ? ಮಂದಿ ಮನಿಗೆ ಹೊಲಸ ಅರಿವಿ ತರೂದೇನವ್ವ? ಎರಡ ನೀರಾಗ ಜಾಲಿಸೇನಿ. ನೋಡ, ಎಳಿ ಇಲ್ಲ. ಇಕಿ ಬ್ಯಾನಿ ಎಲ್ಲಾ ನಾಟಕ. ಐತವಾರ ಮಗನಿಗೆ ಬ್ಯಾರೆ ಹೆಣ್ಣ ನೋಡಾಕ ಹೊಂಟೀವಿ.”

“ಪತ್ರ ತೊಳದ ತಂದು ಓದು ಅಂದ್ರ ಏನ ಓದ್ಲಿ? ಮುಂದಿನ ತಿಂಗಳ ಮಟ ತಡೀರಿ.”

“ತಡ್ಯಾಕ ಆಗೂದಿಲ್ಲ.”

ಸುಮಂಗಲಾ ಅತ್ತೆಯ ಹಿಂದಿನಿಂದ ಮುಂದೆ ಬಂದಳು. “ತಿಂಗಳ ಯಾಕ, ಅಜ್ಜಿ? ಇವತ್ತ ಇನ್ನ ಎರಡನೇ ದಿನ. ಹೊಸಾ ಅರಿವಿ ಕೊಡ್ರಿ,” ಎಂದಳು.

ಪಾರವ್ವ ಕೊಟ್ಟಳು. ಸುಮಂಗಲಾ ಬಚ್ಚಲಿಗೆ ಹೋದಳು. ಇಬ್ಬರು ಮುದುಕಿಯರು ಎಲೆಯಡಿಕೆ ಹಾಕಿಕೊಂಡು ಕೂತರು.

ಮಧ್ಯಾಹ್ನದ ಹೊತ್ತಿಗೆ ಆ ಅರಿವೆ ಬಿಸಿಲಿಗೆ ಬಂತು. ಓದಿ ಹೇಳುವ ಅಗತ್ಯವೇ ಬೀಳಲಿಲ್ಲ. ಗುರುಬಸವ್ವಳೇ ಬಗ್ಗಿ, ಬೆರಳಿಟ್ಟು ನೀಲಿ ಎಳೆಗಳನ್ನು ಎಣಿಸಿದಳು. ಏಳಕ್ಕೆ ಬೆರಳು ನಿಂತಿತು.

“ಏಳ ನನ್ನವ್ವ,” ಎಂದು ಸೊಸೆಯ ಕೈ ಹಿಡಿದು ಎಬ್ಬಿಸಿದಳು. “ದವಾಖಾನಿ ಬಾಗಲಾ ಹಾಕ್ತಾರ.”