ನೀಲವ್ವನ ಎರಡನೇ ಹಾಡು

ತಕರಾರನ್ನು ಹಾಡಿಯೇ ಹೇಳಬೇಕೆಂಬ ಕಾನೂನು ಬಂದು ಹತ್ತು ವರ್ಷವಾಗಿತ್ತು. ನೀಲವ್ವನ ಓಣಿಯ ನಳಕ್ಕೆ ಎರಡು ತಿಂಗಳಿಂದ ನೀರಿರಲಿಲ್ಲ. ಆಕೆ ಪುರಸಭೆಗೆ ಹೋಗಿ, ಖಾಲಿ ಕೊಡ ಬಾರಿಸುತ್ತ ಎದೆತುಂಬಿ ಹಾಡಿ ಬಂದಳು. ಅಲ್ಲೇ ತಪ್ಪಾಯಿತು, ಹಾಡು ಬಹಳ ಚೆನ್ನಾಗಿತ್ತು. ವಾರದೊಳಗೆ ಅದು ಟಿವಿಗೆ ಬಂತು, ಮದುವೆ ಬ್ಯಾಂಡಿನವರು ನುಡಿಸಿದರು, ಬಾಟಲಿ ನೀರಿನ ಜಾಹೀರಾತಿಗೂ ಹೋಯಿತು. ನಳ ಮಾತ್ರ ಒಣಗಿಯೇ ಇತ್ತು.

ಅವಳು ಮತ್ತೆ ಹೋದಾಗ ನೀರಿನ ವಿಭಾಗದ ಹೊಸಕೇರಿ ಸಾಹೇಬರು ಅದೇ ಹಾಡಿಗೆ ತಲೆದೂಗುತ್ತ ಚಹಾ ಕುಡಿಯುತ್ತಿದ್ದರು.

"ನೀರು ಯಾವಾಗ ಬಿಡ್ತೀರಿ, ಸಾಹೇಬ್ರ?"

"ನೀರು ಬಿಟ್ರ ಎರಡನೇ ಹಾಡು ಹೆಂಗ ಹುಟ್ಟತೈತವ್ವಾ? ಜನಾ ಕಾಯಾಕತ್ತಾರ!"

ನೀಲವ್ವ ಸೆರಗು ಬಿಗಿದು ಎರಡನೇ ಹಾಡನ್ನು ಅಲ್ಲೇ ಶುರು ಮಾಡಿದಳು. ಬೇಕೆಂದೇ ಶ್ರುತಿ ತಪ್ಪಿಸಿ, ತಾಳ ಮುರಿದು, ಗಂಟಲು ಹರಿಯುವಂತೆ ಕಿರುಚಿದಳು. ಕಾನೂನಿನ ಪ್ರಕಾರ ಹಾಡು ಮುಗಿಯುವ ತನಕ ಸಾಹೇಬರು ಕುರ್ಚಿ ಬಿಟ್ಟು ಏಳುವಂತಿರಲಿಲ್ಲ. ಮೂರನೇ ನುಡಿಗೆ ಅವರು ಒಂದು ಕಿವಿ ಮುಚ್ಚಿಕೊಂಡು, ಇನ್ನೊಂದಕ್ಕೆ ಫೋನು ಹಿಡಿದು, ನೀರು ಬಿಡುವವನನ್ನು ಬೈದರು.

"ಬಿಡಾಕತ್ತಾನ, ಸಾಕು ಮಾಡವ್ವಾ!"

"ಮೊದಲು ಓಣ್ಯಾಗ ಕೊಡಾ ತುಂಬ್ಲಿ ಸಾಹೇಬ್ರ," ಎಂದಳು ನೀಲವ್ವ. "ಅಲ್ಲೀತನಾ ಇನ್ನೂ ಹದಿನೇಳು ನುಡಿ ಅದಾವು."